ಲಿನಕ್ಸ್ ವ್ಯವಸ್ಥೆಯಲ್ಲಿ ನಿಸ್ತಂತು ಕಾರ್ಡು: ಒಂದು ಅಭ್ಯಾಸ

ವಿದ್ಯಾಸಂಸ್ಥೆಗಳಿಗೆ ದಾನವಾಗಿ ಬರುವ ವಸ್ತುಗಳಲ್ಲಿ ಗ್ರಂಥಗಳು, ಭೂಪಟಗಳು, ಗೋಡೆ ಗಡಿಯಾರಗಳು ಒಂದು ಕಾಲಕ್ಕೆ ಮುಖ್ಯವಾಗಿದ್ದವು. ಇಂದು ಆ ಸಾಲಿಗೆ ಗಣಕಯಂತ್ರಗಳೂ ಸೇರಿವೆ. ಕಚೇರಿಗಳು ತಮ್ಮ ಯಂತ್ರಗಳನ್ನು ಬದಲಿಸಿದಾಗ, ಹಳೆಯ ವಿದ್ಯಾರ್ಥಿಗಳು ಹೊಸ ಲ್ಯಾಪ್‌ಟಾಪ್ ಕೊಂಡಾಗ, ಹಿಂದಿನವು ಶಾಲೆಯ ಗಣಕ ಕೊಠಡಿಗೆ ಬಂದು ಸೇರುವುದು ಸ್ವಾಭಾವಿಕವೂ ಸ್ತುತ್ಯವೂ ಆಗಿದೆ. ಆದರೆ ಹೀಗೆ ಬಂದ ಯಂತ್ರಗಳಲ್ಲಿ ಕೆಲವು ಉಪಯೋಗಕ್ಕೆ ಬಾರದೆ ಮೂಲೆ ಸೇರುತ್ತವೆ. ಇದಕ್ಕೆ ಯಂತ್ರದ ಸವಕಳಿಯೇ ಕಾರಣವೆಂದು ಭಾವಿಸುವುದು ಅನೇಕ ಸಂದರ್ಭಗಳಲ್ಲಿ ಸರಿಯಲ್ಲ. ಯಂತ್ರವು ಗಟ್ಟಿಯಾಗಿಯೇ ಇರುತ್ತದೆ. ಅದನ್ನು ನಡೆಸುವ ಕಾರ್ಯಾಚರಣ ವ್ಯವಸ್ಥೆಯನ್ನು ತಯಾರಕರು ಕೈಬಿಟ್ಟಿರುತ್ತಾರೆ. ವಿಂಡೋಸ್ ಎಕ್ಸ್‌ಪಿ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆಯ ಬೆಂಬಲವು ೨೦೧೪ರ ಏಪ್ರಿಲ್ ೮ರಂದು ಕೊನೆಗೊಂಡಿತು. ವಿಂಡೋಸ್ ೭ಕ್ಕೆ ೨೦೨೦ರ ಜನವರಿ ೧೪ರಂದೂ, ವಿಂಡೋಸ್ ೧೦ಕ್ಕೆ ೨೦೨೫ರ ಅಕ್ಟೋಬರ್ ೧೪ರಂದೂ ಅದೇ ಗತಿ ಒದಗಿತು.

ಇಂತಹ ಯಂತ್ರಗಳಿಗೆ ಮರುಜೀವ ನೀಡುವ ಮಾರ್ಗವೆಂದರೆ ೧೯೯೧ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಅವರು ಆರಂಭಿಸಿದ, ಇಂದು ಸಾವಿರಾರು ಜನರ ಪರಿಶ್ರಮದಿಂದ ಬೆಳೆದಿರುವ ಲಿನಕ್ಸ್ ವ್ಯವಸ್ಥೆಯನ್ನು ಅವುಗಳಲ್ಲಿ ಸ್ಥಾಪಿಸುವುದು. ಸ್ಥಾಪನೆಯು ಸಾಮಾನ್ಯವಾಗಿ ಸುಲಭ. ಪರದೆ, ಕೀಲಿಮಣೆ, ಧ್ವನಿ ಎಲ್ಲವೂ ಕೆಲಸ ಮಾಡುತ್ತವೆ. ಆದರೆ ಕೆಲವು ಯಂತ್ರಗಳಲ್ಲಿ ವೈಫೈ ಜಾಲಗಳ ಪಟ್ಟಿ ಮಾತ್ರ ಬರಿದಾಗಿಯೇ ಉಳಿಯುತ್ತದೆ. ತಂತಿಯ ಸಂಪರ್ಕವಿಲ್ಲದ ಕೊಠಡಿಯಲ್ಲಿ ಆ ಯಂತ್ರದಿಂದ ವಿದ್ಯಾರ್ಥಿಗೆ ದೊರೆಯುವ ಪ್ರಯೋಜನ ಅಲ್ಪ. ಹೀಗೇಕೆ ಆಗುತ್ತದೆ, ಇದಕ್ಕೆ ಪರಿಹಾರವೇನು, ಆ ಪರಿಹಾರವು ಯಾರ ದುಡಿಮೆಯಿಂದ ದೊರೆಯಿತು ಎಂಬುದನ್ನು ಬ್ರಾಡ್‌ಕಾಮ್ ಸಂಸ್ಥೆಯ ಕಾರ್ಡುಗಳ ಉದಾಹರಣೆಯಿಂದ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಕಾರ್ಡಿನ ಮೂರು ಅಂಗಗಳು

ನಿಸ್ತಂತು ಕಾರ್ಡೆಂದರೆ ಒಂದು ಪುಟ್ಟ ರೇಡಿಯೋ. ಅದು ಗಣಕದಿಂದ ಬಂದ ಅಂಕಿಗಳನ್ನು ಅಲೆಗಳನ್ನಾಗಿ ಮಾಡಿ ಕಳುಹಿಸುತ್ತದೆ. ಬಂದ ಅಲೆಗಳನ್ನು ಮರಳಿ ಅಂಕಿಗಳನ್ನಾಗಿ ಮಾಡಿ ಒಪ್ಪಿಸುತ್ತದೆ. ಈ ಕಾರ್ಯ ನಡೆಯಲು ಮೂರು ಅಂಗಗಳು ಕೂಡಿಬರಬೇಕು. ಮೊದಲನೆಯದು ಕಾರ್ಡಿನ ಯಂತ್ರಭಾಗ. ಎರಡನೆಯದು ಕಾರ್ಡಿನೊಳಗಿನ ಸಣ್ಣ ಸಂಸ್ಕಾರಕದಲ್ಲಿ ನಡೆಯುವ ಫರ್ಮ್‌ವೇರ್ ಎಂಬ ತಂತ್ರಾಂಶ. ಮೂರನೆಯದು ಗಣಕದ ಕಡೆಯಲ್ಲಿ ಕಾರ್ಯಾಚರಣ ವ್ಯವಸ್ಥೆಗೂ ಕಾರ್ಡಿಗೂ ನಡುವೆ ನಿಂತು ಮಾತನಾಡಿಸುವ ಡ್ರೈವರು.

ಡ್ರೈವರನ್ನು ದುಭಾಷಿಗೆ ಹೋಲಿಸಬಹುದು. ಕಾರ್ಡಿನ ಯಾವ ಸ್ಥಾನದಲ್ಲಿ ಯಾವ ಸಂಖ್ಯೆಯನ್ನು ಬರೆದರೆ ರೇಡಿಯೋ ಚಾಲೂ ಆಗುತ್ತದೆ, ಯಾವ ಸಂಖ್ಯೆಯನ್ನು ಬರೆದರೆ ಚಾನಲ್ಲು ಬದಲಾಗುತ್ತದೆ, ಪ್ರಸಾರದ ಬಲವನ್ನು ಹೇಗೆ ಅಳೆದು ಹೊಂದಿಸಬೇಕು ಎಂಬುದೆಲ್ಲ ಡ್ರೈವರಿಗೆ ತಿಳಿದಿರಬೇಕು. ವಿಂಡೋಸಿಗಾಗಿ ಬರೆದ ದುಭಾಷಿಗೆ ಲಿನಕ್ಸಿನ ಭಾಷೆ ತಿಳಿಯದು. ಲಿನಕ್ಸಿಗೆ ಬೇರೆಯೇ ಡ್ರೈವರನ್ನು ಬರೆಯಬೇಕು. ಬರೆಯಲು ಕಾರ್ಡಿನ ಒಳವಿವರಗಳನ್ನು ತಯಾರಕರು ಒದಗಿಸಬೇಕು. ಅವರು ಒದಗಿಸದಿದ್ದರೆ ಯಂತ್ರಭಾಗವು ಎಷ್ಟೇ ಉತ್ತಮವಾಗಿದ್ದರೂ ಮೂಕವಾಗಿಯೇ ಉಳಿಯುತ್ತದೆ.

ಫರ್ಮ್‌ವೇರಿನ ವಿಷಯದಲ್ಲಿ ಇನ್ನೊಂದು ತೊಡಕಿದೆ. ಅನೇಕ ಕಾರ್ಡುಗಳಲ್ಲಿ ಅದನ್ನು ಶಾಶ್ವತವಾಗಿ ಉಳಿಸಿಕೊಳ್ಳುವ ಸ್ಮೃತಿ ಇರುವುದಿಲ್ಲ. ವಿದ್ಯುತ್ತು ಹೋದೊಡನೆ ಅದು ಅಳಿಸಿಹೋಗುತ್ತದೆ. ಗಣಕವು ಪ್ರತಿ ಬಾರಿ ಆರಂಭವಾದಾಗಲೂ ಡ್ರೈವರು ಅದನ್ನು ಡಿಸ್ಕಿನಿಂದ ತೆಗೆದು ಕಾರ್ಡಿಗೆ ತುಂಬಬೇಕು. ಆದಕಾರಣ ಡ್ರೈವರು ಇದ್ದೂ ಫರ್ಮ್‌ವೇರಿನ ಕಡತವು ಡಿಸ್ಕಿನಲ್ಲಿ ಇಲ್ಲದಿದ್ದರೆ ಕಾರ್ಡು ಕೆಲಸ ಮಾಡದು. ಅನನುಭವಿಗಳು ಬಹುಮಟ್ಟಿಗೆ ಎಡವುವುದು ಇಲ್ಲಿಯೇ.

ಬ್ರಾಡ್‌ಕಾಮ್ ಕಾರ್ಡುಗಳ ಇತಿಹಾಸ

ಸೆಕೆಂಡಿಗೆ ೫೪ ಮೆಗಾಬಿಟ್ ವೇಗವನ್ನು ೨.೪ ಗಿಗಾಹರ್ಟ್ಸ್ ತರಂಗಪಟ್ಟಿಗೆ ತಂದ ೮೦೨.೧೧ಜಿ ಎಂಬ ಮಾನಕವು ೨೦೦೩ರ ಜೂನ್ ತಿಂಗಳಲ್ಲಿ ಅಂಗೀಕೃತವಾಯಿತು. ಆ ಕಾಲದಲ್ಲಿ ಬ್ರಾಡ್‌ಕಾಮ್ ಸಂಸ್ಥೆಯ ಬಿಸಿಎಂ ೪೩ ಶ್ರೇಣಿಯ ಚಿಪ್ಪುಗಳು ಅನೇಕ ತಯಾರಕರ ಲ್ಯಾಪ್‌ಟಾಪುಗಳಲ್ಲಿ ನೆಲೆಗೊಂಡವು. ಆಪಲ್ ಸಂಸ್ಥೆಯ ಏರ್‌ಪೋರ್ಟ್ ಎಕ್ಸ್‌ಟ್ರೀಮ್ ಕಾರ್ಡಿನಲ್ಲಿಯೂ ಇದೇ ಚಿಪ್ಪಿತ್ತು. ಆದರೆ ಸಂಸ್ಥೆಯು ಲಿನಕ್ಸಿಗೆ ಡ್ರೈವರನ್ನೂ ಕೊಡಲಿಲ್ಲ, ಡ್ರೈವರು ಬರೆಯಲು ಬೇಕಾದ ವಿವರಗಳನ್ನೂ ಪ್ರಕಟಿಸಲಿಲ್ಲ.

ಮೊದಲು ದೊರೆತ ಪರಿಹಾರವು ಎನ್‌ಡಿಐಎಸ್‌ರ‍್ಯಾಪರ್ ಎಂಬ ತಂತ್ರಾಂಶ. ವಿಂಡೋಸಿಗಾಗಿ ಬರೆದ ಡ್ರೈವರನ್ನೇ ಲಿನಕ್ಸಿನ ಒಳಗೆ ತಂದು, ಅದು ವಿಂಡೋಸಿನಿಂದ ನಿರೀಕ್ಷಿಸುವ ಸೇವೆಗಳನ್ನೆಲ್ಲ ಅನುಕರಿಸಿ ಒದಗಿಸುವುದು ಇದರ ವಿಧಾನ. ಇದರಿಂದ ಅನೇಕರಿಗೆ ಅನುಕೂಲವಾಯಿತು. ಆದರೆ ದೋಷಗಳೂ ಇದ್ದವು. ವಿಂಡೋಸ್ ಡ್ರೈವರಿನ ಮೂಲಪಾಠ ಯಾರ ಕೈಯಲ್ಲಿಯೂ ಇರಲಿಲ್ಲವಾದ್ದರಿಂದ ಅದು ಕೆಟ್ಟರೆ ದುರಸ್ತಿ ಮಾಡುವಂತಿರಲಿಲ್ಲ. ಅದು ಕರ್ನೆಲ್ ಎಂಬ ವ್ಯವಸ್ಥೆಯ ಗರ್ಭದಲ್ಲಿಯೇ ನಡೆಯುತ್ತಿದ್ದುದರಿಂದ, ಅದು ಮುಗ್ಗರಿಸಿದರೆ ಇಡೀ ಯಂತ್ರವೇ ಸ್ತಬ್ಧವಾಗುತ್ತಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಇಂಟೆಲ್ ಮಾದರಿಯ ಸಂಸ್ಕಾರಕಗಳಿಗಾಗಿ ತಯಾರಾದ ಆ ಡ್ರೈವರು ಅಂದಿನ ಆಪಲ್ ಯಂತ್ರಗಳಲ್ಲಿದ್ದ ಪವರ್‌ಪಿಸಿ ಸಂಸ್ಕಾರಕದಲ್ಲಿ ನಡೆಯಲಾರದು. ಆ ಯಂತ್ರಗಳ ಮಾಲೀಕರಿಗೆ ಈ ಉಪಾಯವೂ ಇಲ್ಲವಾಯಿತು.

ಬೀಗ ತೆರೆದುದು ಬೇರೊಂದು ದಿಕ್ಕಿನಿಂದ. ಲಿಂಕ್‌ಸಿಸ್ ಸಂಸ್ಥೆಯು ೨೦೦೨ರ ಕೊನೆಯಲ್ಲಿ ಮಾರುಕಟ್ಟೆಗೆ ತಂದ ಡಬ್ಲ್ಯುಆರ್‌ಟಿ ೫೪ಜಿ ಎಂಬ ರೂಟರಿನೊಳಗೆ ಲಿನಕ್ಸ್ ವ್ಯವಸ್ಥೆಯೇ ನಡೆಯುತ್ತಿದೆ ಎಂಬ ಸಂಗತಿ ೨೦೦೩ರಲ್ಲಿ ಬೆಳಕಿಗೆ ಬಂದಿತು. ಲಿನಕ್ಸಿನ ಪರವಾನಗಿಯ ಪ್ರಕಾರ, ಅದನ್ನು ಬಳಸಿ ವಸ್ತುವನ್ನು ಮಾರುವವರು ಅದರ ಮೂಲಪಾಠವನ್ನು ಕೊಳ್ಳುವವರಿಗೆ ಒದಗಿಸಬೇಕು. ಅದೇ ವರ್ಷ ಆ ಮೂಲಪಾಠ ಪ್ರಕಟವಾಯಿತು. ಅದರಲ್ಲಿ ನಿಸ್ತಂತು ಡ್ರೈವರಿನ ಮೂಲಪಾಠ ಮಾತ್ರ ಇರಲಿಲ್ಲ. ಅದು ಯಂತ್ರಭಾಷೆಯ ರೂಪದಲ್ಲಿಯೇ ಉಳಿಯಿತು. ಆದರೂ ಲಿನಕ್ಸಿನಲ್ಲಿ ನಡೆಯುವ ಬ್ರಾಡ್‌ಕಾಮ್ ಡ್ರೈವರೊಂದು ಅಸ್ತಿತ್ವದಲ್ಲಿದೆ ಎಂಬುದು ಸ್ಪಷ್ಟವಾಯಿತು, ಮತ್ತು ಅದನ್ನು ಬಿಡಿಸಿ ಓದುವ ಕೆಲಸಕ್ಕೆ ಸ್ವಯಂಸೇವಕರು ಕೈಹಾಕಿದರು.

ಎರಡು ತಂಡಗಳ ಶಿಸ್ತು

ಅವರು ಅನುಸರಿಸಿದ ಕ್ರಮವು ಗಮನಾರ್ಹವಾದುದು. ಬೇರೆಯವರ ಕೃತಿಯನ್ನು ನೋಡಿ ನಕಲು ಮಾಡಿದರೆ ಅದು ಹಕ್ಕುಸ್ವಾಮ್ಯದ ಉಲ್ಲಂಘನೆಯಾಗುತ್ತದೆ; ಆದರೆ ಒಂದು ಯಂತ್ರ ಹೇಗೆ ಕೆಲಸ ಮಾಡುತ್ತದೆಂಬ ಸಂಗತಿಯು ಯಾರ ಕೃತಿಯೂ ಅಲ್ಲ. ಈ ವ್ಯತ್ಯಾಸವನ್ನು ಕಾಪಾಡಲು ಸ್ವಯಂಸೇವಕರು ಎರಡು ತಂಡಗಳಾದರು. ಮೊದಲ ತಂಡದವರು ಡ್ರೈವರಿನ ಯಂತ್ರಭಾಷೆಯನ್ನು ಬಿಡಿಸಿ ಓದಿ, ಕಾರ್ಡಿಗೆ ಯಾವ ಅನುಕ್ರಮದಲ್ಲಿ ಯಾವ ಆಜ್ಞೆಗಳು ಹೋಗುತ್ತವೆಂಬುದನ್ನು ಸಾಮಾನ್ಯ ಭಾಷೆಯ ವಿವರಣೆಯಾಗಿ ಬರೆದು ಪ್ರಕಟಿಸಿದರು. ಎರಡನೆಯ ತಂಡದವರು ಮೂಲ ಡ್ರೈವರಿನತ್ತ ಕಣ್ಣೆತ್ತಿಯೂ ನೋಡದೆ, ಆ ವಿವರಣೆಯನ್ನು ಮಾತ್ರ ಮುಂದಿಟ್ಟುಕೊಂಡು ಹೊಸ ಡ್ರೈವರನ್ನು ಬರೆದರು. ಓದಿದವರು ಬರೆಯಲಿಲ್ಲ, ಬರೆದವರು ಓದಲಿಲ್ಲ.

ಈ ಪರಿಶ್ರಮದ ಫಲವು ೨೦೦೫ರ ಡಿಸೆಂಬರ್ ತಿಂಗಳಲ್ಲಿ ಲೋಕದ ಮುಂದೆ ಬಂದಿತು. ಬಿಸಿಎಂ೪೩ಎಕ್ಸ್‌ಎಕ್ಸ್ ಎಂಬ ಆ ಡ್ರೈವರು ೨೦೦೬ರ ಜೂನ್ ತಿಂಗಳಲ್ಲಿ ಬಂದ ಲಿನಕ್ಸ್ ೨.೬.೧೭ರಲ್ಲಿ ಸೇರ್ಪಡೆಯಾಯಿತು. ಅದು ಪರಿಪೂರ್ಣವಾಗಿತ್ತೆಂದು ಹೇಳಲಾಗದು. ಬಿಸಿಎಂ ೪೩೧೮ ಚಿಪ್ಪಿನ ಕಾರ್ಡುಗಳಲ್ಲಿ ಪ್ರಸಾರ ಕ್ಷೀಣವಾಗಿದ್ದು, ವೇಗವನ್ನು ಬಳಕೆದಾರರೇ ತಗ್ಗಿಸಿಟ್ಟುಕೊಳ್ಳಬೇಕಾಗಿತ್ತು. ಮುಂದೆ ನಿಸ್ತಂತು ಕಾರ್ಡುಗಳಿಗೆಲ್ಲ ಸಮಾನವಾದ ಹೊಸ ತಳಹದಿಯೊಂದು ಲಿನಕ್ಸಿನಲ್ಲಿ ರೂಪುಗೊಂಡ ಮೇಲೆ, ಆ ತಳಹದಿಯ ಮೇಲೆ ಡ್ರೈವರನ್ನು ಪುನಃ ಕಟ್ಟಲಾಯಿತು. ಬಿ೪೩ ಎಂಬ ಹೆಸರಿನ ಈ ಡ್ರೈವರು, ತೀರ ಹಳೆಯ ಕಾರ್ಡುಗಳಿಗಾಗಿ ಇರುವ ಬಿ೪೩ಲೆಗಸಿ ಎಂಬ ಜೊತೆಗಾರನೊಡನೆ, ೨೦೦೮ರ ಜನವರಿಯಲ್ಲಿ ಬಂದ ಲಿನಕ್ಸ್ ೨.೬.೨೪ರಲ್ಲಿ ಸೇರಿತು.

ಬ್ರಾಡ್‌ಕಾಮ್ ಸಂಸ್ಥೆಯ ನಿಲುವೂ ಕ್ರಮೇಣ ಬದಲಾಯಿತು. ಮೊದಲು ಡಬ್ಲ್ಯುಎಲ್ ಎಂಬ ಮಿಶ್ರ ಡ್ರೈವರನ್ನು ಅದು ಲಿನಕ್ಸಿಗೆ ಒದಗಿಸಿತು. ಇದರ ತಿರುಳು ಮುಚ್ಚಿದ ಯಂತ್ರಭಾಷೆಯಲ್ಲಿಯೂ, ಕರ್ನೆಲ್ಲಿಗೆ ಜೋಡಿಸುವ ಹೊರಕವಚ ಮಾತ್ರ ತೆರೆದ ಮೂಲಪಾಠದಲ್ಲಿಯೂ ಇದೆ. ಬಳಿಕ ೨೦೧೦ರ ಸೆಪ್ಟೆಂಬರ್ ತಿಂಗಳಲ್ಲಿ ತನ್ನ ಅಂದಿನ ಹೊಸ ಚಿಪ್ಪುಗಳಾದ ೪೩೧೩, ೪೩೨೨೪, ೪೩೨೨೫ ಇವುಗಳಿಗೆ ಸಂಪೂರ್ಣ ತೆರೆದ ಡ್ರೈವರನ್ನು ಪ್ರಕಟಿಸಿತು. ಆದರೆ ಅದಕ್ಕಿಂತ ಹಳೆಯ ಕಾರ್ಡುಗಳಿಗೆ ಆ ಡ್ರೈವರು ಅನ್ವಯಿಸದು. ಅವುಗಳಿಗೆ ಇಂದಿಗೂ ತೆರೆದ ಆಶ್ರಯವೆಂದರೆ ಸ್ವಯಂಸೇವಕರು ಬರೆದ ಬಿ೪೩.

ಫರ್ಮ್‌ವೇರಿನ ಹಂಚಿಕೆಯ ಪ್ರಶ್ನೆ

ಡ್ರೈವರು ಸಿದ್ಧವಾದರೂ ಫರ್ಮ್‌ವೇರಿನ ಪ್ರಶ್ನೆ ಉಳಿಯಿತು. ಅದು ಬ್ರಾಡ್‌ಕಾಮ್ ಸಂಸ್ಥೆಯ ಸ್ವತ್ತು. ಅದನ್ನು ಇತರರು ಹಂಚಲು ಅನುಮತಿ ಇರಲಿಲ್ಲ. ಆದ್ದರಿಂದ ಲಿನಕ್ಸನ್ನು ವಿತರಿಸುವ ಬಳಗಗಳು ಅದನ್ನು ತಮ್ಮ ಡಿಸ್ಕಿನಲ್ಲಿ ಸೇರಿಸುವಂತಿರಲಿಲ್ಲ. ಇದಕ್ಕೆ ಕಂಡುಕೊಂಡ ಉಪಾಯ ಬಿ೪೩-ಎಫ್‌ಡಬ್ಲ್ಯುಕಟರ್ ಎಂಬ ಪುಟ್ಟ ತಂತ್ರಾಂಶ. ಬಳಕೆದಾರನು ಸಾರ್ವಜನಿಕವಾಗಿ ದೊರೆಯುವ ಸಂಸ್ಥೆಯ ಡ್ರೈವರನ್ನು ತಾನೇ ಇಳಿಸಿಕೊಂಡರೆ, ಹಲಸಿನ ಹಣ್ಣಿನಿಂದ ತೊಳೆ ಬಿಡಿಸುವಂತೆ ಅದರೊಳಗಿನ ಫರ್ಮ್‌ವೇರನ್ನು ಈ ಸಾಧನವು ಬೇರ್ಪಡಿಸಿ ಕೊಡುತ್ತದೆ. ಇಟಲಿಯ ಬ್ರೆಷಾ ವಿಶ್ವವಿದ್ಯಾಲಯದ ಸಂಶೋಧಕರು ಕೆಲವು ಹಳೆಯ ಚಿಪ್ಪುಗಳಿಗೆ ಓಪನ್ ಎಫ್‌ಡಬ್ಲ್ಯುಡಬ್ಲ್ಯುಎಫ್ ಎಂಬ ಮುಕ್ತ ಫರ್ಮ್‌ವೇರನ್ನೇ ಬರೆದು ಕೊಟ್ಟಿದ್ದಾರೆ.

ಇತರ ಕಾರ್ಡುಗಳ ವಿಷಯದಲ್ಲಿ, ಹಂಚಲು ಅನುಮತಿಯುಳ್ಳ ಆದರೆ ಮುಕ್ತವಲ್ಲದ ಫರ್ಮ್‌ವೇರನ್ನು ಸ್ಥಾಪನೆಯ ಡಿಸ್ಕಿನಲ್ಲಿ ಸೇರಿಸಬೇಕೇ ಎಂಬ ಪ್ರಶ್ನೆ ಡೆಬಿಯನ್ ಬಳಗದಲ್ಲಿ ಬಹುಕಾಲ ಚರ್ಚೆಯಲ್ಲಿತ್ತು. ೨೦೨೨ರಲ್ಲಿ ಅದರ ಸದಸ್ಯರು ಮತದಾನದ ಮೂಲಕ ಸೇರಿಸಬೇಕೆಂದು ನಿರ್ಧರಿಸಿದರು. ೨೦೨೩ರ ಜೂನ್ ತಿಂಗಳಲ್ಲಿ ಬಂದ ಡೆಬಿಯನ್ ೧೨ರಲ್ಲಿ ಅದು ಜಾರಿಗೆ ಬಂದಿತು. ಇದರಿಂದ ಅನೇಕ ಯಂತ್ರಗಳ ತೊಡಕು ನೀಗಿತು. ಆದರೆ ಹಂಚಲು ಅನುಮತಿಯೇ ಇಲ್ಲದ ಹಳೆಯ ಬ್ರಾಡ್‌ಕಾಮ್ ಫರ್ಮ್‌ವೇರಿಗೆ ಈ ನಿರ್ಧಾರದಿಂದ ಪ್ರಯೋಜನವಿಲ್ಲ. ಅದನ್ನು ಪ್ರತ್ಯೇಕವಾಗಿಯೇ ತರಬೇಕು.

ಕಾರ್ಯಕ್ರಮ

ಮೇಲಿನ ವಿಷಯಗಳನ್ನು ಗ್ರಹಿಸಿದವರಿಗೆ ಮುಂದಿನ ಕ್ರಮವು ಕಠಿಣವಲ್ಲ. ಇದನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳಿಂದಲೇ ಮಾಡಿಸಬಹುದು. ರೋಗಲಕ್ಷಣ ನೋಡಿ ರೋಗ ನಿರ್ಣಯಿಸುವ ವೈದ್ಯನ ಶಿಸ್ತು ಅವರಲ್ಲಿ ಇದರಿಂದ ಬೆಳೆಯುತ್ತದೆ.

ಒಂದು: ಕಾರ್ಡಿನ ಗುರುತು. ಹೊರಗಿನ ಹೆಸರನ್ನು ನಂಬಬಾರದು. ಟರ್ಮಿನಲ್ಲಿನಲ್ಲಿ ಎಲ್‌ಎಸ್‌ಪಿಸಿಐ ಎಂಬ ಆಜ್ಞೆಯನ್ನು, ಸಂಖ್ಯೆಗಳನ್ನು ತೋರಿಸುವ ಎನ್‌ಎನ್ ಎಂಬ ಆಯ್ಕೆಯೊಡನೆ ಕೊಟ್ಟರೆ ಪ್ರತಿಯೊಂದು ಸಾಧನದ ಎದುರಿಗೆ ಎರಡು ಸಂಖ್ಯೆಗಳು ಕಾಣುತ್ತವೆ. ಮೊದಲನೆಯದು ತಯಾರಕರ ಸಂಖ್ಯೆ. ಬ್ರಾಡ್‌ಕಾಮ್ ಸಂಸ್ಥೆಯದು ೧೪ಇ೪. ಎರಡನೆಯದು ಸಾಧನದ ಸಂಖ್ಯೆ. ಇಲ್ಲೊಂದು ಎಚ್ಚರಿಕೆ ಅಗತ್ಯ. ಬಿಸಿಎಂ ೪೩೧೮ ಚಿಪ್ಪಿನ ಸಾಧನ ಸಂಖ್ಯೆ ೪೩೧೮ ಎಂದೇ ಇದೆ. ಆದರೆ ಸಾಧನ ಸಂಖ್ಯೆ ೪೩೧೨ ಎಂದು ಕಂಡರೆ ಚಿಪ್ಪು ಬಿಸಿಎಂ ೪೩೧೧. ಬಿಸಿಎಂ ೪೩೧೨ ಚಿಪ್ಪಿನ ಸಾಧನ ಸಂಖ್ಯೆಯಾದರೋ ೪೩೧೫. ಇವೆರಡಕ್ಕೂ ಬೇಕಾದ ಫರ್ಮ್‌ವೇರು ಬೇರೆ ಬೇರೆ. ಹೆಸರಿನ ಸಾಮ್ಯವನ್ನು ನೆಚ್ಚಿದರೆ ಇಡೀ ದಿನದ ಶ್ರಮ ವ್ಯರ್ಥವಾದೀತು.

ಎರಡು: ಡ್ರೈವರಿನ ಪರೀಕ್ಷೆ. ಅದೇ ಆಜ್ಞೆಗೆ ಕೆ ಎಂಬ ಆಯ್ಕೆಯನ್ನೂ ಸೇರಿಸಿದರೆ, ಕಾರ್ಡನ್ನು ಈಗ ಯಾವ ಡ್ರೈವರು ವಹಿಸಿಕೊಂಡಿದೆ ಎಂಬುದು ತಿಳಿಯುತ್ತದೆ. ಯಾವ ಹೆಸರೂ ಕಾಣದಿದ್ದರೆ ಡ್ರೈವರು ಸೇರಿಲ್ಲವೆಂದರ್ಥ.

ಮೂರು: ಕರ್ನೆಲ್ಲಿನ ದಿನಚರಿ. ಡಿಎಮ್‌ಇಎಸ್‌ಜಿ ಎಂಬ ಆಜ್ಞೆಯು ಯಂತ್ರ ಆರಂಭವಾದಾಗಿನಿಂದ ನಡೆದುದನ್ನೆಲ್ಲ ಪಂಕ್ತಿ ಪಂಕ್ತಿಯಾಗಿ ತೋರಿಸುತ್ತದೆ. ಬಿ೪೩ ಹೆಸರಿನ ಪಂಕ್ತಿಯಲ್ಲಿ ಫರ್ಮ್‌ವೇರಿನ ಕಡತ ಸಿಗಲಿಲ್ಲವೆಂಬ ದೂರು ಇದ್ದರೆ ರೋಗ ಖಚಿತವಾದಂತೆ. ಡ್ರೈವರು ಇದೆ, ಕಾರ್ಡು ಇದೆ, ಫರ್ಮ್‌ವೇರು ಇಲ್ಲ.

ನಾಲ್ಕು: ಫರ್ಮ್‌ವೇರನ್ನು ತರುವುದು. ಡೆಬಿಯನ್ ಮತ್ತು ಉಬುಂಟು ವ್ಯವಸ್ಥೆಗಳಲ್ಲಿ ಇದಕ್ಕಾಗಿ ಫರ್ಮ್‌ವೇರ್-ಬಿ೪೩-ಇನ್‌ಸ್ಟಾಲರ್ ಎಂಬ ಪೊಟ್ಟಣವಿದೆ. ಅದು ಸಂಸ್ಥೆಯ ಡ್ರೈವರನ್ನು ಅಂತರ್ಜಾಲದಿಂದ ಇಳಿಸಿ, ಬಿಡಿಸಿ, ಸರಿಯಾದ ಸ್ಥಳದಲ್ಲಿ ಇಡುತ್ತದೆ. ಬಾವಿಗೆ ಇಳಿಯಲು ಹಗ್ಗ ಬೇಕು, ಹಗ್ಗವು ಬಾವಿಯೊಳಗೇ ಇದೆ ಎಂಬ ಸ್ಥಿತಿ ಇಲ್ಲಿ ಎದುರಾಗುತ್ತದೆ. ಅಂತರ್ಜಾಲ ದೊರೆಯಲೆಂದು ಮಾಡುವ ಕೆಲಸಕ್ಕೆ ಅಂತರ್ಜಾಲವೇ ಬೇಕು. ತಾತ್ಕಾಲಿಕವಾಗಿ ಯಂತ್ರವನ್ನು ತಂತಿಯ ಮೂಲಕ ರೂಟರಿಗೆ ಜೋಡಿಸುವುದು ಉತ್ತಮ. ಅದು ಸಾಧ್ಯವಿಲ್ಲದಿದ್ದರೆ ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಅದರ ಸಂಪರ್ಕವನ್ನು ಹಂಚಿಕೊಳ್ಳಬಹುದು. ಒಮ್ಮೆ ಒಂದು ಯಂತ್ರದಲ್ಲಿ ದೊರೆತ ಫರ್ಮ್‌ವೇರ್ ಕಡತಗಳನ್ನು ಶಿಕ್ಷಕರು ಪೆನ್‌ಡ್ರೈವಿನಲ್ಲಿ ಉಳಿಸಿಟ್ಟುಕೊಂಡರೆ, ಅದೇ ಕಾರ್ಡಿನ ಉಳಿದ ಯಂತ್ರಗಳ ಕೆಲಸ ಕೆಲವೇ ನಿಮಿಷಗಳದು.

ಐದು: ಇಬ್ಬರು ದುಭಾಷಿಗಳ ಜಗಳ. ಅರಿಯದೆ ಬಿ೪೩ ಮತ್ತು ಡಬ್ಲ್ಯುಎಲ್ ಎರಡನ್ನೂ ಸ್ಥಾಪಿಸಿದರೆ ಒಂದೇ ಕಾರ್ಡಿಗೆ ಎರಡೂ ಹಕ್ಕು ಸಾಧಿಸಿ ಕೆಲಸ ಕೆಡುತ್ತದೆ. ಬೇಡವಾದುದನ್ನು ತೆಗೆಯಬೇಕು, ಇಲ್ಲವೇ ನಿಷೇಧ ಪಟ್ಟಿಯಲ್ಲಿ ಸೇರಿಸಿ ಯಂತ್ರವನ್ನು ಪುನಃ ಆರಂಭಿಸಬೇಕು. ಕಾರ್ಡಿಗೆ ಬಿ೪೩ ಒಪ್ಪುವುದಾದರೆ ಅದನ್ನೇ ಮೊದಲು ಪ್ರಯೋಗಿಸುವುದು ಯುಕ್ತ. ಕರ್ನೆಲ್ಲಿನ ಒಳರಚನೆ ಆಗಾಗ ಬದಲಾಗುತ್ತದೆ. ತೆರೆದ ಡ್ರೈವರನ್ನು ಅದರೊಡನೆಯೇ ತಿದ್ದಲಾಗುತ್ತದೆ. ಮುಚ್ಚಿದ ತಿರುಳಿನ ಡ್ರೈವರನ್ನು ಹೊರಗಿನಿಂದ ತೇಪೆ ಹಚ್ಚಿ ನಡೆಸಬೇಕಾಗುತ್ತದೆ, ಮತ್ತು ವ್ಯವಸ್ಥೆಯನ್ನು ನವೀಕರಿಸಿದ ಮರುದಿನವೇ ಅದು ನಿಂತುಹೋಗುವುದುಂಟು.

ಆರು: ಸ್ವಿಚ್ಚು ಮತ್ತು ತರಂಗಪಟ್ಟಿ. ಎಲ್ಲವೂ ಸರಿಯಾಗಿದ್ದೂ ಪಟ್ಟಿ ಬರಿದಾಗಿದ್ದರೆ ಆರ್‌ಎಫ್‌ಕಿಲ್ ಎಂಬ ಆಜ್ಞೆಯಿಂದ ರೇಡಿಯೋವನ್ನು ಯಾರಾದರೂ ಬಂದ್ ಮಾಡಿದ್ದಾರೆಯೇ ಎಂದು ನೋಡಬೇಕು. ತಂತ್ರಾಂಶದ ತಡೆಯನ್ನು ಆಜ್ಞೆಯಿಂದ ತೆಗೆಯಬಹುದು. ಯಂತ್ರದ ತಡೆಯಾದರೆ ಲ್ಯಾಪ್‌ಟಾಪಿನ ಅಂಚಿನಲ್ಲಿರುವ ಸ್ವಿಚ್ಚನ್ನು ಕೈಯಿಂದಲೇ ಸರಿಸಬೇಕು. ೪೩೧೮ರಂತಹ ಕಾರ್ಡುಗಳಿಗೆ ೨.೪ ಗಿಗಾಹರ್ಟ್ಸ್ ಪಟ್ಟಿ ಮಾತ್ರ ಕೇಳಿಸುತ್ತದೆ. ಶಾಲೆಯ ರೂಟರನ್ನು ೫ ಗಿಗಾಹರ್ಟ್ಸಿಗೆ ಮಾತ್ರ ಹೊಂದಿಸಿದ್ದರೆ ಈ ಕಾರ್ಡಿನ ಪಾಲಿಗೆ ಆ ಜಾಲ ಇಲ್ಲದಂತೆಯೇ. ದೋಷವನ್ನು ಕಾರ್ಡಿನ ಮೇಲೆ ಹೊರಿಸುವ ಮೊದಲು ರೂಟರನ್ನು ಪರೀಕ್ಷಿಸಬೇಕು.

ಇಷ್ಟಾದರೂ ಫಲ ಸಿಗದಿದ್ದರೆ, ಲಿನಕ್ಸಿನಲ್ಲಿ ತೆರೆದ ಡ್ರೈವರುಳ್ಳ ಚಿಪ್ಪಿನ ಯುಎಸ್‌ಬಿ ಅಡಾಪ್ಟರೊಂದನ್ನು ಕೊಂಡು ಜೋಡಿಸುವುದು ಮಿತವ್ಯಯದ ದಾರಿ. ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಹೆಸರಿಗಿಂತ ಒಳಗಿನ ಚಿಪ್ಪಿನ ಸಂಖ್ಯೆಯನ್ನು ವಿಚಾರಿಸುವುದು ಕ್ಷೇಮ. ಒಂದೇ ಹೆಸರಿನ ಅಡಾಪ್ಟರಿನ ಬೇರೆ ಬೇರೆ ಆವೃತ್ತಿಗಳಲ್ಲಿ ಬೇರೆ ಬೇರೆ ಚಿಪ್ಪುಗಳಿರುವುದುಂಟು.

ದಾನಿಗಳಿಗೂ ಶಿಕ್ಷಕರಿಗೂ

ಈ ಅಭ್ಯಾಸದಿಂದ ಎರಡು ಪ್ರಾಯೋಗಿಕ ಸಂಗತಿಗಳು ಹೊರಡುತ್ತವೆ. ಗಣಕಯಂತ್ರವನ್ನು ದಾನವಾಗಿ ಕೊಡುವವರು ಅದರೊಡನೆ ಒಂದು ಚೀಟಿಯನ್ನು ಇಟ್ಟು, ನಿಸ್ತಂತು ಕಾರ್ಡಿನ ಎರಡು ಸಂಖ್ಯೆಗಳನ್ನು ಬರೆದುಕೊಟ್ಟರೆ, ಪಡೆಯುವ ಶಾಲೆಗೆ ಯಂತ್ರದಷ್ಟೇ ಬೆಲೆಯುಳ್ಳ ಸಹಾಯವನ್ನು ಮಾಡಿದಂತೆ. ಮೂಲ ಡಿಸ್ಕು, ವಿದ್ಯುತ್ ಅಡಾಪ್ಟರುಗಳನ್ನು ಜೊತೆಗೆ ಕೊಡುವುದು ಎಷ್ಟು ಅಗತ್ಯವೋ ಇದೂ ಅಷ್ಟೇ ಅಗತ್ಯ. ಶಿಕ್ಷಕರಾದರೋ ಪ್ರತಿ ಯಂತ್ರಕ್ಕೂ ಒಂದು ಪುಟವನ್ನು ಮೀಸಲಿಟ್ಟು, ಕಾರ್ಡಿನ ಸಂಖ್ಯೆ, ಬಳಸಿದ ಡ್ರೈವರು, ಫರ್ಮ್‌ವೇರು, ಎದುರಾದ ದೋಷ, ಅದಕ್ಕೆ ಮಾಡಿದ ಪರಿಹಾರ ಇವುಗಳನ್ನು ದಿನಾಂಕದೊಡನೆ ಬರೆದಿಡಬೇಕು. ಇಂದು ಒಬ್ಬರು ಕಷ್ಟಪಟ್ಟು ಕಂಡುಕೊಂಡುದು ಅವರು ವರ್ಗವಾಗಿ ಹೋದೊಡನೆ ಕಳೆದುಹೋಗಬಾರದು. ಬ್ರಾಡ್‌ಕಾಮ್ ಕಾರ್ಡಿನ ಮೊದಲ ತಂಡದವರು ಮಾಡಿದುದಾದರೂ ಇದನ್ನೇ. ತಾವು ತಿಳಿದುದನ್ನು ತಾವೇ ಬಳಸಿ ಸುಮ್ಮನಾಗದೆ, ಮತ್ತೊಬ್ಬರು ಓದಿ ಮುಂದುವರಿಸುವಂತೆ ಬರೆದಿಟ್ಟರು.

ಹಂಚಿಕೆಗೂ ಒಂದು ಧರ್ಮವಿದೆ ಎಂಬುದನ್ನು ೨೦೦೭ರ ಒಂದು ಪ್ರಸಂಗ ತೋರಿಸುತ್ತದೆ. ಓಪನ್‌ಬಿಎಸ್‌ಡಿ ಎಂಬ ಮತ್ತೊಂದು ಮುಕ್ತ ವ್ಯವಸ್ಥೆಗೆ ಇದೇ ಕಾರ್ಡಿನ ಡ್ರೈವರು ಸಿದ್ಧವಾಗುತ್ತಿದ್ದಾಗ, ಅದರ ಕರಡಿನಲ್ಲಿ ಲಿನಕ್ಸ್ ಡ್ರೈವರಿನ ಭಾಗಗಳು ಅದರ ಪರವಾನಗಿಗೆ ವಿರುದ್ಧವಾಗಿ ಸೇರಿವೆಯೆಂಬ ಆಕ್ಷೇಪ ಬಂದಿತು. ಸಾರ್ವಜನಿಕ ವಾಗ್ವಾದ ಬೆಳೆಯಿತು. ಕೊನೆಗೆ ಆ ಕರಡನ್ನೇ ಕೈಬಿಡಲಾಯಿತು. ಮುಕ್ತವೆಂದರೆ ನಿಯಮವಿಲ್ಲದುದೆಂದು ಅರ್ಥವಲ್ಲ. ಕೊಟ್ಟವರ ಷರತ್ತನ್ನು ಗೌರವಿಸಿದರೆ ಮಾತ್ರ ಕೊಡುವವರು ಮುಂದೆಯೂ ಕೊಡುತ್ತಾರೆ. ಆಕ್ಷೇಪವನ್ನು ಬಹಿರಂಗದಲ್ಲಿ ಎತ್ತುವ ಬದಲು ಮೊದಲು ಸೌಜನ್ಯದಿಂದ ಒಬ್ಬರಿಗೊಬ್ಬರು ತಿಳಿಸಿದ್ದರೆ ಒಂದು ಒಳ್ಳೆಯ ಕೆಲಸ ಉಳಿಯುತ್ತಿತ್ತೇನೋ ಎಂಬ ವಿಚಾರವೂ ವಿದ್ಯಾರ್ಥಿಗಳ ಚರ್ಚೆಗೆ ಯೋಗ್ಯವಾಗಿದೆ.

ಬಸವಾದಿ ಶರಣರು ಕಾಯಕ ಮತ್ತು ದಾಸೋಹಗಳನ್ನು ಒಂದರಿಂದ ಒಂದನ್ನು ಅಗಲಿಸಲಿಲ್ಲ. ದುಡಿದುದು ದಾಸೋಹದಲ್ಲಿ ಸಂದರೆ ಮಾತ್ರ ಕಾಯಕವು ಪೂರ್ಣವಾಗುತ್ತದೆಂಬುದು ಅವರ ನಿಲುವು. ಪರದೇಶದ ಆ ಸ್ವಯಂಸೇವಕರಿಗೆ ಈ ಪದಗಳು ಪರಿಚಿತವಲ್ಲದಿರಬಹುದು. ಆದರೂ ತಮ್ಮ ವಿರಾಮದ ವೇಳೆಯಲ್ಲಿ ಅವರು ದುಡಿದು ಬರೆದ ಡ್ರೈವರು ಇಂದು ಅವರು ಎಂದೂ ಕಾಣದ ಊರಿನ ಶಾಲೆಯ ಹಳೆಯ ಲ್ಯಾಪ್‌ಟಾಪಿಗೂ ಸಲ್ಲುತ್ತದೆ. ಅದಕ್ಕಾಗಿ ಅವರು ಬೆಲೆಯನ್ನು ಕೇಳಲಿಲ್ಲ. ಆ ದುಡಿಮೆಗೆ ಸಲ್ಲಿಸಬಹುದಾದ ಗೌರವವೆಂದರೆ ಗಣಕ ಕೊಠಡಿಯ ಮೂಲೆಯಲ್ಲಿರುವ ಯಂತ್ರವನ್ನು ಕೆಳಗಿಳಿಸಿ, ಧೂಳು ಒರೆಸಿ, ಅದರ ಕಾರ್ಡಿನ ಸಂಖ್ಯೆಯನ್ನು ಓದಿಕೊಳ್ಳುವುದು.